ಹದಿನೇಳನೆಯ ಹೆಬ್ಬೆಟ್ಟು

ಹಸಿರು, ಮತ್ತೊಂದು ಹಸಿರು, ಅದರ ಮೇಲೆ ಕಡುಗೆಂಪು — ಅಂಗಡಿಯವನು ಬಿಳಿ ಗಾದಿಯ ಮೇಲೆ ಸೀರೆ ಎಸೆಯುತ್ತಲೇ ಇದ್ದಾನೆ, ಕೈಗೆ ದಣಿವಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ, ಯಾರಿಗ್ರೀ ಸರ್, ಮನಿಯವ್ರಿಗೇನ್ರಿ, ಈ ಸೆರಗು ನೋಡ್ರಿ, ಕೇಶ್ವಾಪುರದಾಗ ಇಂಥಾದ್ದು ಇನ್ನೆಲ್ಲೂ ಸಿಗಂಗಿಲ್ಲ, ಎಲ್ಲ ಅಂಗಡಿಯವರೂ ಇದನ್ನೇ ಹೇಳುತ್ತಾರೆ, ಹೇಳಲಿ, ನಾನೂ ಅದೇ ಕಸುಬಿನವನು, ಬಾಯಿಯ ಮೇಲೆ ಬದುಕುವವನು, ನನಗೇನೂ ಬೇಸರವಿಲ್ಲ, ಅಕ್ಕನಿಗೆ ಎಂದೆ, ಎಷ್ಟು ಸಲೀಸಾಗಿ ಬಂತು ನೋಡು ಆ ಮಾತು, ನನಗೆ ಅಕ್ಕ ಇಲ್ಲ, ತಂಗಿಯೂ ಇಲ್ಲ, ಅವ್ವನಿಗೆ ಈ ವಿನೋದ ಒಬ್ಬನೇ, ಏನ್ ಕಾರ್ಯ ಐತ್ರಿ ಸರ್, ಸೀಮಂತ ಏನ್ರಿ, ಅಲ್ಲಪಾ, ಹನ್ನೊಂದರ ದಿನದ್ದು, ತವರಿನ ಸೀರಿ — ಅವನ ಕೈ ನಿಂತಿತು, ಬಾಯಿಯೂ ನಿಂತಿತು, ಹಸಿರು ಕೆಂಪು ಎಲ್ಲವನ್ನೂ ಎರಡೂ ಕೈಯಿಂದ ಬಾಚಿ ಹಿಂದಕ್ಕೆ ಸರಿಸಿ, ಕೆಳಗಿನ ಹಲಗೆಯಿಂದ ಬೇರೆ ಒಂದು ಗಂಟು ತೆಗೆದ, ಬೂದಿ ಬಣ್ಣ, ಮಸುಕು ನೀಲಿ, ಚಹಾದ ಬಣ್ಣ, ಬಿಚ್ಚಿ ತೋರಿಸಲಿಲ್ಲ, ಸೆರಗಿನ ಮಾತೆತ್ತಲಿಲ್ಲ, ಇವು ಅದಕ್ಕಂತನಽ ಇಟ್ಟಾವ್ರಿ, ನೀವಽ ಒಂದು ಎತ್ಕೋರಿ ಎಂದ, ಅವನು ಕೈಯಾರೆ ಕೊಡಬಾರದಂತೆ, ಕೊಳ್ಳುವವನೇ ಎತ್ತಿಕೊಳ್ಳಬೇಕಂತೆ, ಇಂಥದೊಂದು ಗಂಟು ಅಂಗಡಿಯ ಕೆಳಗಿನ ಹಲಗೆಯಲ್ಲಿ ಕಾಯುತ್ತ ಕೂತಿರುತ್ತದೆ ಎಂದು ಮೂವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ. ಬೂದಿ ಬಣ್ಣದ್ದನ್ನು ಎತ್ತಿಕೊಂಡೆ, ಮಡಿಕೆಯ ಮೇಲೆ ನನ್ನ ಹೆಬ್ಬೆರಳು, ಬೆಳ್ಳಗೆ, ಮೆತ್ತಗೆ, ಗೆರೆಗಳೆಲ್ಲ ಎಣಿಸುವ ಹಾಗೆ ಇವೆ, ಇದು ಒಂದೇ ಸಲಕ್ಕೆ ಮೂಡುತ್ತಿತ್ತು, ಇಂಥ ಹೆಬ್ಬೆಟ್ಟಾಗಿದ್ದರೆ ಒಂದೇ ಸಲಕ್ಕೆ — ಬೇಡ, ಅದು ಈಗ ಬೇಡ. ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ಧಾರವಾಡದ ಬಸ್ಸು, ಕಿಟಕಿಯ ಪಕ್ಕದ ಜಾಗ, ಚೀಲ ತೊಡೆಯ ಮೇಲೆ, ಚೀಲದಲ್ಲಿ ಮೇಲೆ ಸೀರೆ, ಸೀರೆಯ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಒಂದೇ ಹಾಳೆ, ಅದರ ಪಕ್ಕ ಸ್ಟ್ಯಾಂಪ್ ಪ್ಯಾಡಿನ ತಗಡಿನ ಡಬ್ಬಿ, ಸೀರೆಗೆ ಮಸಿ ತಾಗದಿರಲಿ ಎಂದು ಡಬ್ಬಿಗೆ ಎರಡು ಸುತ್ತು ಪೇಪರು ಸುತ್ತಿದ್ದೇನೆ, ಅಷ್ಟರ ಮಟ್ಟಿಗೆ ನಾನು ಒಳ್ಳೆಯವನೇ. ಗಂಡ ಸತ್ತವಳ ಹೆಗಲ ಮೇಲೆ ಹನ್ನೊಂದನೆಯ ದಿನ ತವರಿನ ಗಂಡಸೊಬ್ಬ ಬಂದು ಸೀರೆ ಹೊದಿಸಬೇಕು, ಇವಳ ಹಿಂದೆ ಜನ ಇದ್ದಾರೆ ಎಂದು ಓಣಿಗೆ ಗೊತ್ತಾಗಬೇಕು, ಯಾರೂ ಬರದಿದ್ದರೆ ಅವಳು ಗಂಡ ಸತ್ತ ದಿನದ ಸೀರೆಯಲ್ಲೇ ಮೂಲೆ ಹಿಡಿದು ಕೂತಿರುವುದು, ಬಂದವರೆಲ್ಲ ನೋಡುತ್ತ ಉಣ್ಣುವುದು, ಇದನ್ನೆಲ್ಲ ನನಗೆ ಆ ಗಂಡ ಸತ್ತವಳು ದೇವಕ್ಕನೇ ಫೋನಿನಲ್ಲಿ ಹೇಳಿದಳು, ಅವಳಿಗೆ ನನ್ನ ನಂಬರು ಸಿಕ್ಕಿದ್ದು ನಾನೇ ಕೊಟ್ಟ ಫಾರ್ಮಿನಲ್ಲಿ, ಏನಾದರೂ ತೊಂದರೆಯಾದರೆ ಈ ಸಂಖ್ಯೆಗೆ ಕರೆ ಮಾಡಿ ಎಂದು ಹನ್ನೊಂದನೆಯ ಪುಟದಲ್ಲಿ ಇದೆ, ಎರಡು ವರ್ಷದಲ್ಲಿ ಒಬ್ಬರೂ ಆ ಸಂಖ್ಯೆಗೆ ಕರೆ ಮಾಡಿರಲಿಲ್ಲ, ಇವಳು ಎಸ್‌ಟಿಡಿ ಬೂತಿಗೆ ಹೋಗಿ ಯಾರ ಕೈಯಲ್ಲೋ ಓದಿಸಿ ಮಾಡಿಸಿದಳು, ತಮ್ಮಾ, ನಾ ದೇವಕ್ಕ, ನನಗ ತವರು ಹೆಬಸೂರಾಗ ಯಾರೂ ಉಳದಿಲ್ಲ ನಿನಗ ಗೊತ್ತಽ ಐತಿ, ಗುರುವಾರ ನೀನಽ ಬಂದು ಸೀರಿ ಹಾಕಬೇಕಪಾ. ನಾನು ಫೋನಿನ ವಯರನ್ನು ಬೆರಳಿಗೆ ಸುತ್ತುತ್ತ, ಇಲ್ಲಕ್ಕಾ, ಡ್ಯೂಟಿ ಐತಿ, ಎಂದು ಹೇಳಲು ಬಾಯಿ ತೆರೆದಿದ್ದೆ, ತೆರೆದ ಬಾಯಿಯಲ್ಲೇ ಹಾಳೆಯ ನೆನಪಾಯಿತು, ಅವಳ ಹೆಬ್ಬೆಟ್ಟು ಬೇಕಾದ ಹಾಳೆ, ಬರತೇನಕ್ಕಾ ಎಂದೆ.

ಔಷಧಿ ಕಂಪನಿಯವರು ನನಗೆ ಕೋಆರ್ಡಿನೇಟರ್ ಎನ್ನುತ್ತಾರೆ, ವಾರ್ಡಿನವರು ಫಾರ್ಮ್ ವಿನೋದ ಎನ್ನುತ್ತಾರೆ, ವಾರ್ಡಿನವರು ಹೇಳುವುದೇ ಸರಿ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಬಂದಾಗುವುದು, ಆ ಹೆಪ್ಪು ಕರಗಿಸುವ ಸೂಜಿಮದ್ದು ಇದೆ, ಹಳೆಯದು, ಖರೇ ಕೆಲಸ ಮಾಡುವಂಥದು, ಎಷ್ಟು ಲಗೂ ಹಾಕಿದರೆ ಅಷ್ಟು ಹೃದಯ ಉಳಿಯುತ್ತದೆ, ಇಷ್ಟು ವಾರ್ಡಿನ ಕಸ ಹೊಡೆಯುವವನಿಗೂ ಗೊತ್ತು, ಆದರೆ ಕಟ್ಟಿಕೊಂಡ ರಕ್ತ ಮತ್ತೆ ಒಮ್ಮೆಲೇ ನುಗ್ಗಿದಾಗ ಆ ನುಗ್ಗಾಟಕ್ಕೇ ಸ್ನಾಯುವಿಗೆ ಇನ್ನೊಂದು ಪೆಟ್ಟು ಬೀಳುತ್ತದಂತೆ, ಅದನ್ನು ತಡೆಯಲು ಹೊಸ ಔಷಧಿ, ಅದಕ್ಕಿನ್ನೂ ಹೆಸರಿಲ್ಲ, ಬರೀ ನಂಬರು, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಉಪ್ಪುನೀರು, ಯಾವ ಬಾಟಲಿಯಲ್ಲಿ ಯಾವುದು ಎಂದು ಡಾಕ್ಟರಿಗೂ ಗೊತ್ತಿಲ್ಲ, ಮತ್ತು ಇದು ಹಳೆಯ ಸೂಜಿಗಿಂತ ಮೊದಲು ಮೈಗೆ ಹೋಗಬೇಕು, ಹೆಬ್ಬೆಟ್ಟು ಬೀಳದೆ ಹೋಗುವಂತಿಲ್ಲ. ಒಪ್ಪಿಗೆಯ ಫಾರ್ಮು ಎಲ್ಲೋ ದೂರದಲ್ಲಿ ಕನ್ನಡಕ್ಕೆ ಬಂದದ್ದು, ತಾವು ಯಾದೃಚ್ಛಿಕವಾಗಿ ಒಂದು ಗುಂಪಿಗೆ ನಿಯೋಜಿಸಲ್ಪಡುವಿರಿ, ನಾನು ಬಿ.ಎಸ್ಸಿ. ಮಾಡಿದವನು ಮೂರು ಸಲ ಓದಿದೆ, ಎದೆ ಹಿಡಿದುಕೊಂಡು ಬಂದವನಿಗೆ ಇದನ್ನು ಓದಿ ಹೇಳಬೇಕಂತೆ, ಹನ್ನೊಂದು ಪುಟ, ಒಂಬತ್ತನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ — ಒಪ್ಪಿಗೆ ಪಡೆಯುವ ಕಾರಣಕ್ಕೆ ಮಾಮೂಲು ಚಿಕಿತ್ಸೆ ತಡವಾಗಕೂಡದು, ಅದನ್ನೂ ಓದಿದ್ದೇನೆ, ಓದಿಲ್ಲ ಎನ್ನುವಂತಿಲ್ಲ.

ನಾನು ಓದಿ ಹೇಳುವವನಲ್ಲ. ನನ್ನ ರೀತಿಯೇ ಬೇರೆ, ಬೆಂಗಳೂರಿನ ಕೋಆರ್ಡಿನೇಟರುಗಳು ಇದಕ್ಕೇ ಹೊಟ್ಟೆಕಿಚ್ಚು ಪಟ್ಟದ್ದು, ಅವರು ನಿಂತುಕೊಂಡು ಫಾರ್ಮು ಓದುತ್ತಾರೆ, ನಾನು ಕೂತುಕೊಳ್ಳುತ್ತೇನೆ, ರೋಗಿಯ ಹೆಂಡತಿಯದೋ ಅವ್ವನದೋ ಪಕ್ಕ ನೆಲದ ಮೇಲೆಯೇ ಕೂತುಬಿಡುತ್ತೇನೆ, ಊರು ಯಾವುದ್ರಿ ಎನ್ನುತ್ತೇನೆ, ಊರು ಹೇಳಿದರೆ ಮುಗಿಯಿತು, ಧಾರವಾಡ ಜಿಲ್ಲೆಯ ಯಾವ ಊರೇ ಇರಲಿ ಅಲ್ಲೊಂದು ಕೆರೆ ಇರುತ್ತದೆ, ಒಂದು ಮಠ ಇರುತ್ತದೆ, ಬಡಿಗೇರ ಓಣಿ ಇರುತ್ತದೆ, ಒಬ್ಬ ನಿಂಗವ್ವ ಇದ್ದೇ ಇರುತ್ತಾಳೆ, ನಮ್ಮವ್ವನ ತವರೂ ಅದಽ ಅಲ್ರೀ ಎಂದರೆ ಉಳಿದ ಸಂಬಂಧವನ್ನು ಅವರೇ ಕಟ್ಟಿ ಕೈಗೆ ಕೊಡುತ್ತಾರೆ, ನಾನು ಹೂಂ ಎಂದರೆ ಸಾಕು, ಕಾಕಾ, ಅತ್ತಿ, ಅಕ್ಕಾ, ಮಾಮಾ, ಹದಿನಾರು ಜನ ಹಾಗೇ ಬಿದ್ದರು, ಜನ ಸೇರಿಸುವುದರಲ್ಲಿ ನಮ್ಮ ಆಸ್ಪತ್ರೆ ಇಡೀ ರಾಜ್ಯಕ್ಕೇ ಎರಡನೆಯದಾಗಿತ್ತು, ಡಾಕ್ಟರು ಬೆನ್ನು ತಟ್ಟಿದ್ದರು. ಹದಿನೇಳನೆಯವನು ಯಮನಪ್ಪ, ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಭಾರ ಹೊರುವವನು, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಾರ್ಖಾನೆಯವರೇ ಟೆಂಪೋದಲ್ಲಿ ತಂದು ಇಳಿಸಿದರು, ಹಿಂದೆ, ಸೀರೆಯ ಮೇಲೆ ತೊಟ್ಟ ಅದೇ ಕಾರ್ಖಾನೆಯ ಅಂಗಿಯಲ್ಲೇ ಓಡಿ ಬಂದವಳು ಅವನ ಹೆಂಡತಿ ದೇವಕ್ಕ, ಕಬ್ಬಿಣದ ಧೂಳು ಕೂದಲಲ್ಲಿ, ಯಮನಪ್ಪ ಮಲಗಿದಲ್ಲಿಂದ ಒಂದೇ ಮಾತು ಹೇಳುತ್ತಿದ್ದ, ಎದಿ ಮ್ಯಾಲೆ ಯಾರೋ ಕುಂತಾರ್ರೀ ಸಾಹೇಬ್ರ, ಇಳಸ್ರಿ. ಡಾಕ್ಟರು ಇಸಿಜಿ ನೋಡಿ, ಹೆಪ್ಪಿನ ಸೂಜಿ ರೆಡಿ ಮಾಡ್ರಿ ಎಂದು ಅಬೀದಾ ಸಿಸ್ಟರಿಗೆ ಹೇಳಿದರು, ನಮ್ಮ ಸ್ಟಡಿಗೆ ಬರತಾನೇನು ನೋಡು ವಿನೋದ ಎಂದು ನನಗೆ ಹೇಳಿದರು, ಮೇಲಿನ ಮಹಡಿಗೆ ಹೋದರು. ಅಬೀದಾ ಟ್ರೇ ಹಿಡಿದು ಬಂದು ನಿಂತಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡು ಹತ್ತು, ಸೂಜಿ ತಯಾರು ಎಂದು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡಳು.

ಊರು ಯಾವುದ್ರಿ ಅಕ್ಕಾರ, ಹೆಬಸೂರ್ರೀ, ಅರೇ, ನಮ್ಮವ್ವನ ತವರೂ ಹೆಬಸೂರಽ, ಹೆಬಸೂರನ್ನು ನಾನು ಕಣ್ಣಿನಿಂದ ನೋಡಿಲ್ಲ, ಯಾರ ಮನ್ಯಾವ್ರು ಎಂದು ಅವಳು ಕಣ್ಣರಳಿಸಿದಳು, ಗಂಡ ಅಲ್ಲಿ ಒದ್ದಾಡುತ್ತಿದ್ದಾನೆ, ಆದರೂ ತವರಿನ ಹೆಸರು ಕೇಳಿ ಆ ಮುಖದಲ್ಲಿ ಒಂದು ಬೆಳಕು ಬಂತು, ಇದನ್ನೇ ನಾನು ಹಿಡಿಯುವುದು, ಬಡಿಗ್ಯಾರ ಓಣಿಯಾಗಿನವ್ರು ಎಂದೆ, ನಿಂಗವ್ವನ ಮಗನೇನು ನೀ, ಹೂಂ ಎಂದೆ. ಆ ಹೂಂಗೆ ಅವಳು ನನ್ನ ಕೆನ್ನೆ ಮುಟ್ಟಿದಳು, ನಿಮ್ಮವ್ವ ನನಗ ಉಣ್ಣಾಕ ನೀಡಿ ಬೆಳಿಸ್ಯಾಳೋ ತಮ್ಮಾ, ನಮ್ಮವ್ವ ಸತ್ತಾಗ ನಾ ಐದು ವರ್ಷದಾಕಿ, ನಿಮ್ಮವ್ವನ ಸೆರಗು ಹಿಡಕೊಂಡು ಅಡ್ಡಾಡತಿದ್ನಿ, ಆಕಿ ಊರ ಬಿಟ್ಟು ಹೋದ್ಲು, ಎಲ್ಲಿ ಅದಾಳೋ ಈಗ, ಅದಾಳಕ್ಕಾ, ಛಲೋ ಅದಾಳ ಎಂದೆ, ಯಾವ ನಿಂಗವ್ವನೋ, ಸತ್ತಿದ್ದಾಳೋ ಇದ್ದಾಳೋ, ನಾನು ಅವಳ ಮಗನಾಗಿ ಎರಡು ನಿಮಿಷ ಆಗಿತ್ತು. ಇದು ವಿಲಾಯತಿ ಮದ್ದಕ್ಕಾ, ಎದಿಗೆ ಕವಚ ಹಾಕಿದಂಗ, ಉಪ್ಪುನೀರಿನ ಮಾತು ಎತ್ತಲಿಲ್ಲ, ಅದನ್ನು ಎತ್ತಿದರೆ ಯಾರೂ ಬೀಳುವುದಿಲ್ಲ, ನೀ ಹೇಳಿದಿ ಅಂದ್ರ ಆತು ತಮ್ಮಾ, ಎಲ್ಲಿ ಒತ್ತಲಿ ಹೇಳು. ಯಮನಪ್ಪನ ಹೆಬ್ಬೆಟ್ಟನ್ನು ಮೊದಲೇ ತೆಗೆದುಕೊಂಡಿದ್ದೆ, ಅದು ಚಂದ ಮೂಡಿತ್ತು, ಓದು ಬರದವನಾದರೆ ಮನೆಯವರದೂ ಬೇಕು, ಹೊರಗಿನ ಸಾಕ್ಷಿಯೂ ಬೇಕು, ಕ್ಯಾಂಟೀನಿನ ದಸ್ತಗೀರಸಾಬನನ್ನು ಕರೆಸಿದೆ, ಅವನು ಚಹಾದ ಕೈ ಒರೆಸಿಕೊಳ್ಳುತ್ತ ಬಂದು ಸಹಿ ಮಾಡಲು ನಿಂತ. ದೇವಕ್ಕ ಪ್ಯಾಡಿಗೆ ಬೆರಳು ಅದ್ದಿ ಒತ್ತಿದಳು.

ನೀಲಿ ಬೊಟ್ಟು. ಬರೀ ಬೊಟ್ಟು, ಒಂದೇ ಒಂದು ಗೆರೆ ಇಲ್ಲ, ಮತ್ತೊಮ್ಮೆ ಒತ್ತಕ್ಕಾ, ಮತ್ತೊಂದು ಬೊಟ್ಟು, ಕೈ ಹಿಡಿದು ನೋಡಿದೆ, ಕಾರ್ಖಾನೆಯಲ್ಲಿ ಅವಳ ಕೆಲಸ ಎರಕದ ಸಾಮಾನನ್ನು ಪಾಲೀಶ್ ಪೇಪರಿನಿಂದ ತಿಕ್ಕಿ ನುಣುಪು ಮಾಡುವುದು, ಒಂಬತ್ತು ವರ್ಷ, ಕಬ್ಬಿಣದ ಜೊತೆಗೆ ಬೆರಳೂ ನುಣುಪಾಗಿದೆ, ಗೆರೆ ಸವೆದು ಹೋಗಿ ಬಿರುಕು ಮಾತ್ರ ಉಳಿದಿವೆ, ಬಿರುಕಿನಲ್ಲಿ ಮಸಿ ಇಳಿದು ಕೂತಿದೆ. ಹೋದ ತಿಂಗಳು ಮುಂಬೈಯಿಂದ ತಪಾಸಣೆಗೆ ಬಂದವಳು ಹನ್ನೆರಡನೆಯವನ ಫಾರ್ಮಿನ ಮೇಲೆ ಕೆಂಪು ಸುತ್ತು ಹಾಕಿದ್ದಳು, ಇದು ಹೆಬ್ಬೆಟ್ಟೋ ಮಸಿಯ ಕಲೆಯೋ, ಗೆರೆ ಕಾಣದಿದ್ದರೆ ಲೆಕ್ಕಕ್ಕಿಲ್ಲ ಎಂದಿದ್ದಳು, ಡಾಕ್ಟರ ಎದುರೇ ಎಂದಿದ್ದಳು, ಲೆಕ್ಕದಿಂದ ಒಬ್ಬ ಕಮ್ಮಿಯಾದದ್ದು ನನ್ನ ಹೆಸರಿಗೆ ಬಂತು, ಈ ಸಲ ಹಾಗಾಗಕೂಡದು. ಸ್ಪಿರಿಟ್ ಹಚ್ಚಿ ಒರೆಸಿದೆ, ಮತ್ತೆ ಬೊಟ್ಟು, ಹೋಗಿ ಸಾಬೂನು ಹಚ್ಚಿ ತೊಳಕೊಂಡು ಬಾರಕ್ಕಾ ಎಂದು ಕಳಿಸಿದೆ, ವಿನೋದ ಸರ್, ಸುರು ಮಾಡ್ಲೇನ್ರಿ, ಇದು ಅಬೀದಾ, ಟ್ರೇಯಲ್ಲಿ ಹಳೆಯ ಸೂಜಿ ತಯಾರಿದೆ, ಎರಡು ನಿಮಿಷ ಸಿಸ್ಟರ್ ಎಂದು ಕೈ ಅಡ್ಡ ಮಾಡಿದೆ, ದೇವಕ್ಕ ಓಡುತ್ತ ಬಂದಳು, ಒದ್ದೆ ಬೆರಳಿಗೆ ಮಸಿ ಹತ್ತಲಿಲ್ಲ, ಸೆರಗಿನಿಂದ ಒರೆಸಿ ಒತ್ತಿದಳು, ಬೊಟ್ಟು, ಫಾರ್ಮಿನ ಪುಟ ಹಾಳಾಯಿತು, ಇನ್ನೊಂದು ಸೆಟ್ ತರಲು ರೂಮಿಗೆ ಹೋದೆ, ರೂಮಿನ ಕೀಲಿ ಪ್ಯಾಂಟಿನ ಯಾವ ಜೇಬಿನಲ್ಲಿದೆಯೋ, ವಾಪಸು ಬಂದಾಗ ಸರ್, ಟೈಂ ಹೊಂಟೈತ್ರಿ, ಎರಡನೆಯ ಸಲ ಅಬೀದಾ, ಎರಡು ನಿಮಿಷ ಎಂದೆ, ಎದಿ ಮ್ಯಾಲಿಂದ ಇಳಸ್ರೀ ಸಾಹೇಬ್ರ, ಈ ಸಲ ನಾನೇ ಅವಳ ಹೆಬ್ಬೆಟ್ಟನ್ನು ಹಿಡಿದೆ, ಎಡಗಡೆಯಿಂದ ಬಲಗಡೆಗೆ ಹೊರಳಿಸಿ ಒತ್ತಿದೆ, ಕಲಿಸಿಕೊಟ್ಟ ಹಾಗೆ, ಮತ್ತೊಮ್ಮೆ, ಮತ್ತೊಮ್ಮೆ, ಎಡಗೈಯದು ನೋಡಿದೆ, ಅದು ಇನ್ನೂ ಸವೆದಿತ್ತು, ಕೊನೆಗೆ ಬೆರಳಿನ ಅಂಚಿನಲ್ಲಿ ಉಗುರಿನ ಹತ್ತಿರ ನಾಲ್ಕು ಗೆರೆ ಸಿಕ್ಕವು, ಆತು ಎಂದೆ, ದಸ್ತಗೀರಸಾಬ ಸಹಿ ಮಾಡಿದ, ಹದಿನೇಳನೆಯ ನಂಬರಿನ ಬಾಟಲಿ ಏರಿಸಿದೆವು, ಅದರ ಹಿಂದೆ ಹಳೆಯ ಸೂಜಿ. ಅಬೀದಾ ಮೂರನೆಯ ಸಲ ಕೇಳಿರಲಿಲ್ಲ, ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡಳು, ಹನ್ನೆರಡು ಐವತ್ತೆರಡು.

ಉಣಕಲ್ ಬಂತು, ಕೆರೆಯ ದಂಡೆಯ ಮೇಲೆ ಬಟ್ಟೆ ಒಣಹಾಕಿದ್ದಾರೆ, ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತದೆ, ಹನ್ನೆರಡು ಐವತ್ತೆರಡರಿಂದ ಹನ್ನೆರಡು ಹತ್ತು ಕಳೆ, ನಲವತ್ತೆರಡು, ಕಂಡಕ್ಟರ್ ಟಿಕೆಟ್ ಕೇಳಿದ, ಲಕಮನಹಳ್ಳಿ ಎಂದೆ, ನಲವತ್ತೆರಡು ನಿಮಿಷದಲ್ಲಿ ಈ ಬಸ್ಸು ಧಾರವಾಡ ಮುಟ್ಟಿ ಚಹಾ ಕುಡಿದು ಬರುತ್ತದೆ. ಸಂಜೆ ಐದಕ್ಕೆ ಯಮನಪ್ಪ ಸತ್ತ. ಎದೆಯ ಮೇಲೆ ಕೂತವನು ಇಳಿಯಲೇ ಇಲ್ಲ, ಡಾಕ್ಟರು ದೊಡ್ಡ ಅಟ್ಯಾಕು, ಏನು ಮಾಡಿದರೂ ಕಷ್ಟವೇ ಇತ್ತು ಎಂದರು, ಅದು ಖರೇಯೂ ಇರಬಹುದು, ಖರೇ ಇರಲಿ ಎಂದು ನಾನು ಬೇಡಿಕೊಂಡದ್ದು ಮಾತ್ರ ಖರೇ, ಹೆಣ ಒಯ್ಯಲು ಟೆಂಪೋ ಬಂದಾಗ ದೇವಕ್ಕ ಅಳಲಿಲ್ಲ, ಬಾಗಿಲಿಗೆ ಒರಗಿ ನಿಂತು ತನ್ನ ಬಲಗೈ ಹೆಬ್ಬೆಟ್ಟನ್ನೇ ನೋಡುತ್ತಿದ್ದಳು, ನೀಲಿ ಹೆಬ್ಬೆಟ್ಟು, ಸೆರಗಿಗೆ ಒರೆಸುವಳು, ನೋಡುವಳು, ಮತ್ತೆ ಒರೆಸುವಳು. ಮರುದಿನ ಅಬೀದಾಳ ಹತ್ತಿರ ಹೋದೆ, ಸಿಸ್ಟರ್, ಆ ಹನ್ನೆರಡು ಹತ್ತು ಐತಲ್ಲ, ಅದನ್ನ ಹನ್ನೆರಡು ನಲವತ್ತು ಮಾಡಿದ್ರ, ಅವಳು ರಿಜಿಸ್ಟರು ಮುಚ್ಚಿದಳು, ನಾ ಬರದದ್ದು ಬರದೇನ್ರಿ ಸರ್, ನೀವು ನಿಮ್ಮ ಫಾರ್ಮ್‌ನ್ಯಾಗ ಏನ್ ಬೇಕಾದ್ದು ಬರಕೋರಿ ಎಂದಳು, ಅಂದಿನಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಲ್ಲ, ಮಾತಾಡದಿದ್ದರೆ ನನಗೇನು. ಸೋಮವಾರ ಮುಂಬೈಯವಳು ಬರುತ್ತಾಳೆ, ರಿಜಿಸ್ಟರು ತೆಗೆಯುತ್ತಾಳೆ, ಎರಡೂ ವೇಳೆಯನ್ನು ಅಕ್ಕಪಕ್ಕ ಇಡುತ್ತಾಳೆ, ಈ ನಡುವಿನ ನಲವತ್ತೆರಡು ನಿಮಿಷ ಯಾರದು ಎಂದು ಕೇಳುತ್ತಾಳೆ, ಅದಕ್ಕೇ ಈ ಹಾಳೆ, ನಾನೇ ಟೈಪ್ ಮಾಡಿಸಿದ್ದು, ಆಲೋಚಿಸಲು ಸಮಯ ಬೇಕೆಂದು ಮನೆಯವರಾದ ನಾವೇ ನಲವತ್ತು ನಿಮಿಷ ಕೇಳಿಕೊಂಡೆವು, ಚಿಕಿತ್ಸೆಯ ಬಗ್ಗೆ ನಮ್ಮದೇನೂ ತಕರಾರಿಲ್ಲ, ಕೆಳಗೆ ಚೌಕದಲ್ಲಿ ದೇವಕ್ಕನ ಹೆಬ್ಬೆಟ್ಟು. ಇದಿಲ್ಲದಿದ್ದರೆ ನನ್ನ ನೌಕರಿ ಹೋಗುತ್ತದೆ, ಬರೀ ನೌಕರಿಯೋ, ಪೊಲೀಸರೂ ಬರಬಹುದು.

ಮತ್ತೆ ಮೊನ್ನೆಯ ಫ್ಯಾಕ್ಸು, ಅದನ್ನು ನೆನೆಯಬಾರದು, ನೆನೆಯಬಾರದು ಎಂದುಕೊಂಡಷ್ಟೂ ಆ ಕಾಗದ ಸುರುಳಿ ಬಿಚ್ಚಿಕೊಂಡು ಬರುತ್ತದೆ, ಎಲ್ಲ ಕೇಂದ್ರಗಳಿಗೂ ತಿಳಿಸುವುದೇನೆಂದರೆ, ಮೊದಲ ಸಾವಿರ ರೋಗಿಗಳ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಂಡುಬಾರದ ಕಾರಣ ಅಧ್ಯಯನವನ್ನು ಇಲ್ಲಿಗೆ ನಿಲ್ಲಿಸಲಾಗಿದೆ, ಸಹಕಾರಕ್ಕೆ ಕೃತಜ್ಞತೆಗಳು. ವ್ಯತ್ಯಾಸವಿಲ್ಲ. ಕವಚ ಹಾಕಿಸಿಕೊಂಡವರೂ ಅಷ್ಟೇ ಸತ್ತರು, ಹಾಕಿಸಿಕೊಳ್ಳದವರೂ ಅಷ್ಟೇ ಸತ್ತರು, ಎರಡು ವರ್ಷ ನೆಲದ ಮೇಲೆ ಕೂತು ಹದಿನೇಳು ಜನಕ್ಕೆ ನಂಟನಾಗಿದ್ದು ಇದಕ್ಕೆ, ಡಾಕ್ಟರು ಓದಿ ನಕ್ಕರು, ಇಂಥಾವು ನೂರು ಬರತಾವ, ನೂರು ಹೋಗತಾವ, ಬ್ಯಾರೆ ಕಂಪನೀದು ಬರೂದೈತಿ, ತಯಾರಾಗು ಎಂದರು, ಅವರ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದೇ ಕೆಟ್ಟದ್ದು. ಸಾಯಂಕಾಲ ಎಲ್ಲರೂ ಹೋದ ಮೇಲೆ ಕಪಾಟು ತೆಗೆದೆ, ಪ್ರತಿ ನಂಬರಿಗೂ ಒಂದು ಮೊಹರು ಹಾಕಿದ ಲಕೋಟೆ ಇದೆ, ಒಳಗೆ ಬಾಟಲಿಯಲ್ಲಿ ಏನಿತ್ತು ಎಂದು ಬರೆದಿರುತ್ತದೆ, ಒಡೆಯದೆ ಕಂಪನಿಗೆ ವಾಪಸು ಕಳಿಸಬೇಕು, ಹದಿನೇಳನ್ನು ಎತ್ತಿಕೊಂಡೆ, ಬೆಳಕಿಗೆ ಹಿಡಿದರೆ ಕಾಣಲಿಲ್ಲ, ಚಹಾದ ಪಾತ್ರೆಯ ಹಬೆಗೆ ಹಿಡಿದು ಬಿಚ್ಚಿದೆ, ಒಂದೇ ಸಾಲು, ಉಪ್ಪುನೀರು. ನಾನು ನಲವತ್ತೆರಡು ನಿಮಿಷ ಅಡ್ಡ ಹಿಡಿದದ್ದು ಉಪ್ಪುನೀರಿಗೆ ದಾರಿ ಬಿಡಲು, ಮತ್ತೆ ಅಂಟಿಸಿದೆ, ಅಂಟಿಸಿದ್ದು ಗೊತ್ತಾಗುವುದಿಲ್ಲ, ನನ್ನ ಕೈ ಅಂಥ ಕೆಲಸಕ್ಕೆ ಛಲೋ ಇದೆ, ರಾತ್ರಿ ಊಟಕ್ಕೆ ಕೂತಾಗ ಅವ್ವ ಸಾರಿಗೆ ಉಪ್ಪು ಕಡಿಮಿ ಆತೇನೋ ಎಂದಳು, ಎದ್ದು ಹೋಗಿ ಕೈ ತೊಳೆದುಕೊಂಡೆ.

ಲಕಮನಹಳ್ಳಿ, ಇಳೀರಿ, ಇಳೀರಿ. ಕಾರ್ಖಾನೆಯ ಗೋಡೆಯ ಹಿಂದಿನ ಸಾಲುಮನೆ, ತಗಡಿನ ಮಾಡು, ಹೊರಗೆ ಚಾಪೆ ಹಾಸಿ ಐದಾರು ಗಂಡಸರು ಕೂತಿದ್ದಾರೆ, ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುತ್ತಿದೆ, ನನ್ನನ್ನು ನೋಡಿ ಒಬ್ಬ ಮುದುಕಿ ಎದ್ದು ಬಂದಳು, ಯಮನಪ್ಪನ ಅಕ್ಕ ಶಿವಬಸವ್ವ, ತವರಿನವ್ರು ಬಂದ್ರು, ಜಾಗಾ ಬಿಡ್ರಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಆ ಮಾತಿನಲ್ಲಿ ಒಂದು ನಿರಾಳ ಇತ್ತು, ಓಣಿಯ ಹೆಂಗಸರು ಬಾಗಿಲಿನಿಂದ ಸರಿದರು, ಒಬ್ಬಳು ಕಾಲಿಗೆ ನೀರು ಕೊಟ್ಟಳು, ಇನ್ನೊಬ್ಬಳು ಹೆಬಸೂರಿಂದ ಈಗ ಬಂದ್ರೇನ್ರಿ ಎಂದಳು, ಹೂಂ ಎಂದೆ, ಕಿಸೆಯಲ್ಲಿ ಕೇಶ್ವಾಪುರದ ಟಿಕೆಟು. ಒಳಗೆ ಕತ್ತಲು, ಮೂಲೆಯಲ್ಲಿ ದೇವಕ್ಕ, ಮಣ್ಣು ಮಾಡಿದ ದಿನವೇ ಬಳೆ ಒಡೆದಿದ್ದಾರೆ, ಮಣಿಕಟ್ಟಿನ ಮೇಲೆ ಗಾಜು ಗೀರಿದ ಗಾಯ ಹಾಗೇ ಇದೆ, ಮೈಮೇಲೆ ಅದೇ ಸೀರೆ, ಆ ದಿನದ್ದು, ಸೆರಗಿನ ತುಂಬ ನೀಲಿ, ಅವಳು ಆಸ್ಪತ್ರೆಯಲ್ಲಿ ಒರೆಸಿ ಒರೆಸಿ ಮಾಡಿದ ನೀಲಿ, ಶಿವಬಸವ್ವ ಹೇಳಿಕೊಟ್ಟಳು, ಮಾರಿ ನೋಡಬಾರದು, ಹಿಂದಿನಿಂದ ಹೊಚ್ಚಬೇಕು, ಹೊಚ್ಚಿ ನಾ ಅದೀನವ್ವಾ ಅನಬೇಕು. ಬೂದಿ ಬಣ್ಣದ ಸೀರೆ ಬಿಚ್ಚಿ ಅವಳ ಹೆಗಲ ಮೇಲೆ ಹಾಕಿದೆ, ಹೆಗಲು ಅಷ್ಟು ಸಣ್ಣದಿದೆ ಎಂದು ಗೊತ್ತಿರಲಿಲ್ಲ, ನಾ ಅದೀನವ್ವಾ ಎಂದೆ, ನನ್ನ ದನಿ ಒಡೆಯಿತು, ಒಳ್ಳೆಯ ನಟನೆ ಎಂದುಕೊಂಡೆ, ಆದರೆ ಅದು ನಟನೆಯಾಗಿರಲಿಲ್ಲ, ಹೆಂಗಸರೆಲ್ಲ ಒಮ್ಮೆಲೇ ಅತ್ತರು, ತಮ್ಮ ಛಲೋ ಅದಾನವಾ ನಿನಗ ಎಂದರು. ಶಿವಬಸವ್ವ ಅವರನ್ನೆಲ್ಲ ಹೊರಗೆ ಕರೆದುಕೊಂಡು ಹೋದಳು, ಅಕ್ಕ ತಮ್ಮ ಒಂದೀಟು ಮಾತಾಡಲಿ ಎಂದು ಬಾಗಿಲು ಮುಂದೆ ಮಾಡಿದಳು.

ಈಗ ಹೇಳಬೇಕು, ಒಂದು ಕಾಗದ ಐತಕ್ಕಾ, ಆಸ್ಪತ್ರಿದು, ಬರೀ ಒಂದು ಹೆಬ್ಬೆಟ್ಟು, ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಅವಳೇ ತಿರುಗಿ ಕೂತಳು, ತಮ್ಮಾ, ನಿನ್ನ ಒಂದು ಮಾತು ಕೇಳಬೇಕಿತ್ತಪಾ, ಕೇಳಕ್ಕಾ, ಆ ಸಿಸ್ಟರು ಸೂಜಿ ಹಿಡಕೊಂಡು ನಿಂತಿದ್ಲು, ನಾ ನೋಡಿದ್ನಿ, ಎಷ್ಟೊತ್ತು ನಿಂತಿದ್ಲು ಆಕಿ — ನೋಡಿದ್ದಾಳೆ, ನನ್ನ ಅಡ್ಡ ಹಿಡಿದ ಕೈಯನ್ನೂ ನೋಡಿದ್ದಾಳೆ, ಈಗ ಹೇಳುತ್ತಾಳೆ, ನೀನೇ ತಡೆದಿ ಎನ್ನುತ್ತಾಳೆ, ಹೊರಗೆ ಐದಾರು ಗಂಡಸರು ಕೂತಿದ್ದಾರೆ, ನಾನು ಬಾಗಿಲು ನೋಡಿದೆ, ಅವಳು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಕೈ ನೋಡಿಕೊಳ್ಳುತ್ತಿದ್ದಳು, ಈ ಹೆಬ್ಬೆಟ್ಟು ಲಗೂ ಮೂಡಿದ್ರ ಅಂವಾ ಉಳೀತಿದ್ದ, ಹೌದಲ್ಲೋ, ಇದು ಮೂಡಲಿಲ್ಲ ಅಂತ ಸೂಜಿ ತಡಾ ಆತು, ಹೌದಲ್ಲೋ ತಮ್ಮಾ, ಎಲ್ಲಾರೂ ಅಲ್ಲ ಅಂತಾರ, ಹಣೇಬರಹ ಅಂತಾರ, ನೀ ಅಲ್ಲೇ ಇದ್ದಿ, ನೀ ಖರೇ ಹೇಳು. ಅಲ್ಲಕ್ಕಾ, ಒಂದು ಮಾತು, ಅಲ್ಲಕ್ಕಾ ಎಂದರೆ ಸಾಕಿತ್ತು, ಹೆಬ್ಬೆಟ್ಟು ಮೂಡದಿದ್ದರೂ ಆ ಸೂಜಿ ಹಾಕಬಹುದಿತ್ತು, ಹಾಕಬೇಕಿತ್ತು, ಒಂಬತ್ತನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು, ತಡೆದವನು ನಾನು, ಚೀಲದೊಳಗೆ ಹಾಳೆ ಇದೆ, ಮನೆಯವರಾದ ನಾವೇ ಕೇಳಿಕೊಂಡೆವು, ಹೊರಗೆ ಯಾರೋ ಎಲೆ ಹಾಕುತ್ತಿದ್ದಾರೆ, ಅನ್ನ ಬಡಿಸುವ ಸಪ್ಪಳ, ನಾನು ಹೂಂ ಎಂದೆ.

ಹೂಂ ಎಂದೆ, ಅಷ್ಟೇ, ಅವಳು ಅಳಲಿಲ್ಲ, ಬಹಳ ದಿನದ ಭಾರ ಇಳಿಸಿದವಳ ಹಾಗೆ ಉಸಿರು ಬಿಟ್ಟಳು, ನನಗ ಗೊತ್ತಿತ್ತೋ, ನೀ ಒಬ್ಬಾಂವ ಖರೇ ಹೇಳಿದಿ, ನನ್ನ ತವರಿನಾಂವ ಅಂತ ಖರೇ ಹೇಳಿದಿ ಎಂದಳು, ನಾನು ಚೀಲದಿಂದ ಫೈಲು ತೆಗೆದೆ, ಕೈ ತಾನಾಗಿ ತೆಗೆಯಿತು, ಒಂದು ಕಾಗದ ಐತಕ್ಕಾ, ಅವಳು ಏನು ಕಾಗದ ಎಂದು ಕೇಳಲಿಲ್ಲ, ಪೇಪರಿನ ಸುತ್ತು ಬಿಚ್ಚಿದೆ, ಡಬ್ಬಿಯ ಮುಚ್ಚಳ ತೆಗೆದೆ, ಮಸಿಯ ವಾಸನೆ, ಅದೇ ಆ ದಿನದ್ದು, ಈ ಸಲ ಲಗೂ ಮೂಡತೈತಿ ನೋಡು ತಮ್ಮಾ, ದಿನಾ ಇಟ್ಟಂಗಿ ಕಲ್ಲಿಗೆ ಹಾಕಿ ತಿಕ್ಕೇನಿ, ಗೆರಿ ಏಳಬೇಕಲ್ಲಾ ಅಂತ ತಿಕ್ಕೇನಿ ಎಂದು ಬೂದಿ ಬಣ್ಣದ ಸೀರೆಯ ಒಳಗಿಂದ ಕೈ ಹೊರಗೆ ಚಾಚಿದಳು, ಹಿಡಿಯಬೇಕು, ಎಡಗಡೆಯಿಂದ ಬಲಗಡೆಗೆ ಹೊರಳಿಸಬೇಕು, ನನ್ನ ಕೈ ಏಳುತ್ತಿಲ್ಲ, ಹೆಬ್ಬೆಟ್ಟು, ತೊಗಲು ಕಿತ್ತು ಕೆಂಪಗಾಗಿದೆ, ತುದಿಯಲ್ಲಿ ರಕ್ತ ಒಸರಿ ಒಣಗಿದೆ, ಅಷ್ಟು ತಿಕ್ಕಿದರೂ ಬಿರುಕಿನೊಳಗೆ ನೀಲಿ, ಹನ್ನೊಂದು ದಿನದ ನೀಲಿ ಹಾಗೇ ಇದೆ, ಹಿಡಿಯೋ ತಮ್ಮಾ, ಹೆಬ್ಬೆಟ್ಟು ನನ್ನ ಮುಂದೆ ಇದೆ, ಕೆಂಪಿನೊಳಗೆ ನೀಲಿ, ಹೆಬ್ಬೆಟ್ಟು ಹಾಗೇ ಇದೆ, ಹೆಬ್ಬೆಟ್ಟು